ಅಕ್ಟೋಬರ್ 26, ದಿಮಿತರ್‌ಗಳ ದಿನ
ಎಲ್ಲರಿಗೂ ನಮಸ್ಕಾರ. ಬಲ್ಗೇರಿಯಾದ ಸೋಫಿಯಾಕ್ಕೆ ಹೊಸದಾಗಿ ಬಂದವರು ಇದನ್ನು ದಯವಿಟ್ಟು ಓದಿ.

ಅಕ್ಟೋಬರ್ 26 ದಿಮಿತ್ರೋವ್‌ದೆನ್, ಸಂತ ದಿಮಿತರ್ ಹಬ್ಬ. ನಿಮ್ಮ ಆಫೀಸಿನಲ್ಲಿ ದಿಮಿತರ್, ಮಿತ್ಕೊ, ದಿಮಿತ್ರಿನಾ ಯಾರಾದರೂ ಇದ್ದೇ ಇರುತ್ತಾರೆ, ಅಲ್ವಾ? ಅವತ್ತು ಅವರ ಹೆಸರಿನ ದಿನ, ಅಂದರೆ ಅವರ ಹೆಸರಿನ ಸಂತನ ಹಬ್ಬ. "ಚೆಸ್ತಿತ್ ಇಮೆನ್ ದೆನ್" (ಹೆಸರಿನ ದಿನದ ಶುಭಾಶಯ) ಅಂತ ಹೇಳಿ, ತುಂಬಾ ಖುಷಿಪಡುತ್ತಾರೆ. ಚಾಕೊಲೇಟ್ ಅವರೇ ತಂದು ಹಂಚುತ್ತಾರೆ, ಬೇಡ ಅನ್ನಬೇಡಿ. ಹೂವು ಕೊಡುವುದಾದರೆ ಮೂರೋ ಐದೋ ಕೊಡಿ, ಸಮ ಸಂಖ್ಯೆಯ ಹೂವು ಇಲ್ಲಿ ಸಾವಿಗೆ ಮಾತ್ರ. ಇನ್ನೊಂದು, ಹೆಸರಿನ ದಿನಕ್ಕೆ ಕರೆಯದೆಯೇ ಮನೆಗೆ ಹೋಗುವುದು ಇಲ್ಲಿನ ಹಳೇ ರೂಢಿ.

ಹಳ್ಳಿಗಳಲ್ಲಿ ಇದು ಬೇಸಾಯದ ವರ್ಷ ಮುಗಿಯುವ ದಿನವಾಗಿತ್ತು. ಮೇ 6ರ ಸಂತ ಗ್ಯೋರ್ಗಿ ಹಬ್ಬಕ್ಕೆ ಕೆಲಸಕ್ಕೆ ಸೇರಿದ ಕುರುಬರು, ಆಳುಗಳು ಕೂಲಿ ಲೆಕ್ಕ ಚುಕ್ತಾ ಮಾಡಿಸಿಕೊಂಡು ಊರಿಗೆ ಹೊರಡುತ್ತಿದ್ದರು. ಗ್ಯೋರ್ಗಿ ಬೇಸಿಗೆ ತರುತ್ತಾನೆ, ದಿಮಿತರ್ ಚಳಿ ತರುತ್ತಾನೆ ಅನ್ನುವ ಮಾತು ಈಗಲೂ ಇದೆ. ಮರುದಿನ ಇಲಿಗಳ ದಿನ! ಅವತ್ತು ಹೆಂಗಸರು ಸೂಜಿ ಕತ್ತರಿ ಮುಟ್ಟುತ್ತಿರಲಿಲ್ಲ, ಕಣ್ಣು ಮುಚ್ಚಿಕೊಂಡು ಒಲೆಯ ಸುತ್ತ ಮಣ್ಣು ಮೆತ್ತಿ "ಇಲಿಗಳ ಕಣ್ಣಿಗೆ ಮೆತ್ತುತ್ತಿದ್ದೇನೆ" ಅನ್ನುತ್ತಿದ್ದರು.

ನವೆಂಬರ್ 8 ಮಿಹಾಯಿಲ್, ಆಂಗೆಲ್, ರಂಗೆಲ್ ಹೆಸರಿನವರದು. ನವೆಂಬರ್ 30 ಆಂದ್ರೇಯ್‌ಗಳದು, ಅದು ಕರಡಿಯ ದಿನವೂ ಹೌದು. ಮೆಕ್ಕೆಜೋಳ, ಕಾಳು ಬೇಯಿಸಿ ಒಂದು ಹಿಡಿ ಹೊಗೆಗೂಡಿನೊಳಗೆ ಮೇಲಕ್ಕೆ ಎಸೆದು, ಬೆಂದದ್ದು ತಿನ್ನು, ಹೊಲದ ಹಸಿ ಜೋಳ ಮುಟ್ಟಬೇಡ ಅಂತ ಕರಡಿಗೆ ಹೇಳುತ್ತಾರೆ. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಇದೇ.

ನಿಮ್ಮ ಜೊತೆ ಕೆಲಸ ಮಾಡುವವರ ಹೆಸರು ಇಲ್ಲಿ ಹಾಕಿ, ಯಾವ ದಿನ ಅಂತ ಹುಡುಕೋಣ.