ಬಣ್ಣದ ಮಾತು ಆಮೇಲೆ: ಮಗಳಿಗೊಂದು ಪತ್ರ

ಮಗಳೇ,

ಅಜ್ಜನ ಬೈಕಿನ ಟ್ಯಾಂಕ್ ಬಿಚ್ಚಿಟ್ಟ ಫೋಟೋ ನೋಡಿ ತುಂಬಾ ಖುಷಿಯಾಯಿತು. ಯಾವ ಬಣ್ಣ ಹೊಡೆಯಲಿ ಅಂತ ಕೇಳಿದ್ದೀಯ. ಬಣ್ಣದ ಮಾತು ಆಮೇಲೆ. ಮೊದಲು ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡು. ವರ್ಷಗಟ್ಟಲೆ ಅರ್ಧ ಖಾಲಿ ನಿಂತ ಟ್ಯಾಂಕಿನಲ್ಲಿ ಗಾಳಿಯ ತೇವ ಮೇಲಿನ ತಗಡಿಗೆ ಹನಿಯಾಗಿ ಕೂರುತ್ತದೆ, ಆಮೇಲೆ ಪೆಟ್ರೋಲಿಗಿಂತ ಭಾರವಾದ ಆ ನೀರು ತಳಕ್ಕಿಳಿದು ಅಲ್ಲೇ ನಿಲ್ಲುತ್ತದೆ. ಹಾಗಾಗಿ ತುಕ್ಕು ಮೇಲೂ ಇರುತ್ತೆ, ಕೆಳಗೂ ಇರುತ್ತೆ. ಒಳಗಿನ ಕೆಲಸ ಮುಗಿಯದೆ ಹೊರಗೆ ಬ್ರಷ್ಷೂ ಮುಟ್ಟಬೇಡ. ತುಕ್ಕು ತೆಗೆಯೋ ನೀರು ಹೊಸ ಬಣ್ಣದ ಮೇಲೆ ಚೆಲ್ಲಿದರೆ ಅಷ್ಟೂ ಶ್ರಮ ಹಾಳು.

ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಪೆಟ್ರೋಲ್ ಸುರಿದುಬಿಟ್ಟೆ, ಇನ್ನೇನು ಭಯವಿಲ್ಲ ಅಂದುಕೊಳ್ಳಬೇಡ. ಉರಿಯುವುದು ಆವಿ. ಗಾಳಿಯಲ್ಲಿ ಅದು ಸುಮಾರು ಶೇ. 1.4ರಿಂದ 7.6ರಷ್ಟು ಬೆರೆತಿದ್ದರೆ ಒಂದು ಕಿಡಿ ಸಾಕು, ಖಾಲಿ ಟ್ಯಾಂಕಿನಲ್ಲಿ ಅಂಥ ಮಿಶ್ರಣ ಆಗೋದು ಬಹಳ ಸುಲಭ. ಸೋಪಿನ ನೀರು ತುಂಬಿ, ಕುಲುಕಿ, ಚೆಲ್ಲಿ, ವಾಸನೆ ಹೋಗುವ ತನಕ ತೊಳೆ. ಆಮೇಲೂ ಗ್ರೈಂಡರ್, ವೆಲ್ಡಿಂಗ್, ಬೆಂಕಿ ಹತ್ತಿರ ತರಬೇಡ. ತೂತು ಕಂಡರೆ ಟ್ಯಾಂಕ್ ವೆಲ್ಡಿಂಗ್ ಬಲ್ಲವರ ಕೈಗೆ ಕೊಡು, ನೀನು ಹೋಗಬೇಡ ಅದಕ್ಕೆ.

ತುಕ್ಕಿಗೆ ನನಗಿಷ್ಟ ಸಿಟ್ರಿಕ್ ಆಸಿಡ್. ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಸಾಕು. ಅದಕ್ಕೂ ಮುಂಚೆ ಒಂದು ಹಿಡಿ ನಟ್ಟುಗಳನ್ನು ಸ್ವಲ್ಪ ನೀರಿನ ಜೊತೆ ಒಳಗೆ ಹಾಕಿ ಕುಲುಕು, ಪದರ ಕಟ್ಟಿದ ತುಕ್ಕು ಉದುರುತ್ತದೆ. ಹಾಕುವಾಗ ಎಣಿಸಿಕೋ, ತೆಗೆಯುವಾಗಲೂ ಎಣಿಸು. ಟ್ಯಾಂಕಿನ ತಳದ ಪೆಟ್ರೋಲ್ ಕಾಕ್ (ಪೆಟ್ರೋಲ್ ಬಿಡುವ, ನಿಲ್ಲಿಸುವ ನಲ್ಲಿ) ಬಿಚ್ಚಿ ಆ ತೂತಿಗೆ ರಬ್ಬರ್ ಬಿರಡೆ ಹಾಕಿ, ಆಸಿಡ್ ನೀರನ್ನು ಬಾಯಿಯ ತನಕ ತುಂಬು, ಮೇಲಿನ ತಗಡಿಗೂ ತಾಗಬೇಕಲ್ವಾ. ಮುಚ್ಚಳ ಬಿಗಿಯಬೇಡ, ಒಳಗೆ ಗ್ಯಾಸ್ ಹುಟ್ಟುತ್ತದೆ. ಒಂದು ದಿನ ಬಿಟ್ಟು ಸುರಿದರೆ ನೀರು ಹಳದಿ-ಹಸಿರಾಗಿ ಬರುತ್ತೆ, ಒಳಗೆ ಬೂದು ಬಣ್ಣದ ಬರಿ ತಗಡು ಕಾಣುತ್ತೆ. ಅಡುಗೆ ಸೋಡಾ ಕಲಸಿದ ನೀರಲ್ಲಿ ತೊಳೆದು, ಮತ್ತೆ ಬರಿ ನೀರಲ್ಲಿ ತೊಳೆದು, ತಕ್ಷಣ ಒಣಗಿಸು. ನಾಳೆ ನೋಡೋಣ ಅಂತ ಒದ್ದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೇಸರಿ ಪದರ ಮತ್ತೆ ಹತ್ತಿರುತ್ತದೆ. ಒಣಗಿದ ಮೇಲೆ ಸ್ವಲ್ಪ ಎಂಜಿನ್ ಆಯಿಲ್ ಸುರಿದು ಎಲ್ಲ ಕಡೆ ತಿರುಗಿಸಿ ಬಸಿದುಬಿಡು. ಬಾಯಿಯ ಸುತ್ತ ಹೊರಗೆ ಆಯಿಲ್ ಅಂಟಿದ್ದರೆ ಚೆನ್ನಾಗಿ ಒರೆಸು.

ಇನ್ನು ಹೊರಗೆ. ಹಳೆ ಬಣ್ಣ ಎದ್ದ ಕಡೆಯೆಲ್ಲ ತಗಡು ಕಾಣುವ ತನಕ ಉಜ್ಜು. ನೆಗ್ಗಿದ ಜಾಗಕ್ಕೆ ಪುಟ್ಟಿ ತೆಳುವಾಗಿ ಹಾಕು, ಒಣಗಿಸು, ಬೇಕಾದರೆ ಮತ್ತೆ ಹಾಕು. ಒಂದೇ ಸಲ ದಪ್ಪಗೆ ಮೆತ್ತಿದರೆ ಬಿರುಕು ಬಿಡುತ್ತದೆ. ಎಮರಿ ಪೇಪರನ್ನು ಮರದ ತುಂಡಿಗೆ ಸುತ್ತಿ ಉಜ್ಜು, ಬೆರಳಲ್ಲಿ ಒತ್ತಿದರೆ ಬೆರಳಿನ ಗುಂಟ ಗುಳಿ ಬೀಳುತ್ತೆ. ಸಮ ಆಯ್ತೋ ಇಲ್ವೋ ಅಂತ ಕಣ್ಣಿಗಿಂತ ಅಂಗೈ ಚೆನ್ನಾಗಿ ಹೇಳುತ್ತದೆ: ತೆಳು ಬಟ್ಟೆ ಹಾಸಿ, ಕಣ್ಣು ಮುಚ್ಚಿ, ಟ್ಯಾಂಕಿನ ಉದ್ದಕ್ಕೆ ನಿಧಾನವಾಗಿ ಕೈ ಆಡಿಸು, ಪುಟ್ಟಿ ಮುಗಿದು ತಗಡು ಶುರುವಾಗೋ ಅಂಚು ಇನ್ನೂ ಕೈಗೆ ಸಿಕ್ಕರೆ ಕೆಲಸ ಉಳಿದಿದೆ ಅಂತ ಅರ್ಥ. ಈಗ ಬಿಟ್ಟ ಅಂಚು ಹೊಳಪು ಬಂದ ಮೇಲೆ ದೂರದಿಂದಲೇ ಕಾಣುತ್ತದೆ.

ಆಮೇಲೆ ಎಪಾಕ್ಸಿ ಪ್ರೈಮರ್, ಅಂದರೆ ಬಣ್ಣ ತಗಡಿಗೆ ಹಿಡಿಯಲು ಹೊಡೆಯುವ ತಳದ ಕೋಟ್, ಒಣಗಿದ ಮೇಲೆ 600ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ನಯವಾದ ಪೇಪರ್), ಕೊನೆಗೆ ಬಣ್ಣ. ಸ್ಪ್ರೇ 20-25 ಸೆಂಟಿಮೀಟರ್ ದೂರದಿಂದ, ಪ್ರತಿ ಸಾಲು ಹಿಂದಿನದರ ಅರ್ಧ ಮುಚ್ಚುವ ಹಾಗೆ. ಮೊದಲ ಕೋಟ್ ಪೂರ್ತಿ ಮುಚ್ಚಲಿಲ್ಲ ಅಂತ ಅಲ್ಲೇ ಮತ್ತೆ ಹೊಡೆಯಬೇಡ, ಬಣ್ಣ ಸೋರಿ ಇಳಿದುಬಿಡುತ್ತೆ. ಮಳೆ ಬರುವ ದಿನ ಸುಮ್ನೆ ಕೂತ್ಕೋ, ತೇವಕ್ಕೆ ಬಣ್ಣ ಮಂಜಾಗುತ್ತದೆ. ನನ್ನ ಕೇಳಿದರೆ ಕಡುಗೆಂಪು.

ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಹೊಳಪಿನ ಪದರ, ಅಂದರೆ ಕ್ಲಿಯರ್ ಕೋಟ್ ಮಾತ್ರ, ಹಾರ್ಡನರ್ (ಗಟ್ಟಿ ಮಾಡುವ ದ್ರವ) ಕಲಸುವ ಎರಡು ಭಾಗದ್ದೇ ಆಗಬೇಕು. ಸಾಧಾರಣ ಸ್ಪ್ರೇ ಡಬ್ಬಿಯದು ಪೆಟ್ರೋಲ್ ಹನಿ ಬಿದ್ದರೆ ಅಂಟಂಟಾಗಿ ಎದ್ದುಬರುತ್ತೆ. ಆದರೆ ಆ ಹಾರ್ಡನರ್‌ನಲ್ಲಿ ಐಸೋಸಯನೇಟ್ ಅನ್ನೋ ರಾಸಾಯನಿಕ ಇರುತ್ತದೆ, ಅದು ಉಸಿರಿಗೆ ಹೋದರೆ ಆಸ್ತಮಾ ಬರಬಹುದು, ಬಟ್ಟೆ ಮಾಸ್ಕ್ ಏನೂ ತಡೆಯಲ್ಲ. ಅದೊಂದನ್ನು ಪೇಂಟ್ ಬೂತ್ ಇರುವವರ ಹತ್ತಿರ ಹೊಡೆಸು. ಮನೆಯಲ್ಲೇ ಎಲ್ಲ ಮಾಡಬೇಕು ಅಂತ ನಿನಗೆ ಆಸೆ ಇದೆ, ಗೊತ್ತು, ಆದರೂ ಈ ಮಾತು ಕೇಳು.

ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಗಟ್ಟಿಯಾಗಲು ವಾರಗಳೇ ಬೇಕು, ಅಲ್ಲಿಯ ತನಕ ಕವರ್ ಹಾಕಬೇಡ, ಪಾಲಿಶ್ ಮಾಡಬೇಡ. ಕೂರಿಸುವಾಗ ಕಾಕ್‌ಗೆ ಹೊಸ ವಾಷರ್ ಹಾಕಿ, ಉಳಿದ ಆಯಿಲ್ ಹೋಗುವ ಹಾಗೆ ಸ್ವಲ್ಪ ಪೆಟ್ರೋಲ್‌ನಲ್ಲಿ ಒಳಗೆ ತೊಳೆದು ಚೆಲ್ಲು. ಮತ್ತೆ ಒಂದು ಲೀಟರ್ ಮಾತ್ರ ಹಾಕಿ, ಗಾಳಿ ಆಡೋ ಜಾಗದಲ್ಲಿ ನಿಲ್ಲಿಸಿ, ಕೆಳಗೆ ಪೇಪರ್ ಹಾಸಿ ಸೋರುತ್ತಾ ನೋಡು. ಪುಟ್ಟಿ ಹಂತಕ್ಕೆ ಬಂದಾಗ ಫೋನ್ ಮಾಡು, ರಜೆ ಹಾಕಿ ಬರುತ್ತೇನೆ.

ಅಪ್ಪ