ಕಾರ್ಡಿನ ಭಯ ಬಿಡಿ, ಟವರಿನ ಚಿಂತೆ ಮಾಡಿ

ಮಾನ್ಯ ಸಂಪಾದಕರೇ,

ಬಸ್ಸಿನ ನೂಕುನುಗ್ಗಲಿನಲ್ಲಿ ಯಾರೋ ಸ್ವೈಪ್ ಮೆಷಿನ್ ಹಿಡಿದು ಬಂದು, ನಮ್ಮ ಜೇಬಿಗೆ ತಾಗಿಸಿ ಹಣ ಎಳೆದುಕೊಳ್ಳುವ ವಿಡಿಯೊ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತು ಹೊಡೆಯುತ್ತದೆ. ಅದನ್ನು ನೋಡಿ, ಕಾರ್ಡನ್ನು ಮೆಷಿನ್ನಿಗೆ ತಾಗಿಸಿಯೇ ಹಣ ಕೊಡುವ ಟ್ಯಾಪ್ ಸೌಲಭ್ಯವನ್ನೇ ಬಂದ್ ಮಾಡಿಸಿದವರು ಕೊಡಗಿನಲ್ಲೂ ಇದ್ದಾರೆ. ಟ್ಯಾಪ್ ಪಾವತಿಯಲ್ಲಿ ತೊಂದರೆಗಳು ಖಂಡಿತ ಇವೆ. ನಮ್ಮ ಜಿಲ್ಲೆಯ ಮಟ್ಟಿಗೆ ಅವು ಇರುವ ಜಾಗವೇ ಬೇರೆ.

ಟ್ಯಾಪ್ ಕಾರ್ಡಿನ ಒಳಗೆ ಅಂಚಿನುದ್ದಕ್ಕೂ ತೆಳು ತಂತಿಯ ಸುರುಳಿ ಓಡಿರುತ್ತದೆ. ಮೆಷಿನ್ ಹೊರಡಿಸುವ 13.56 ಮೆಗಾಹರ್ಟ್ಸ್ ಅಲೆಯಿಂದಲೇ ಚಿಪ್ಪಿಗೆ ವಿದ್ಯುತ್ ಸಿಗಬೇಕು, ಅದಕ್ಕೇ ಸುಮಾರು 4 ಸೆಂಟಿಮೀಟರ್ ಒಳಗೆ ಹಿಡಿಯಬೇಕಾಗುತ್ತದೆ. ಪ್ರತಿ ವ್ಯವಹಾರಕ್ಕೂ ಚಿಪ್ ಹೊಸ ಸಂಕೇತ ಲೆಕ್ಕ ಹಾಕಿ ಕೊಡುತ್ತದೆ. ಒಮ್ಮೆ ಬಳಸಿದ್ದು ಮತ್ತೆ ನಡೆಯದು. ಹಿಂಬದಿಯ ಮೂರಂಕಿಯ ಸಿವಿವಿ ಹೊರಗೆ ಬರುವುದೇ ಇಲ್ಲ. ಕದ್ದು ಟ್ಯಾಪ್ ಮಾಡಿದರೂ ಹಣ ಬೀಳುವುದು ಗುರುತು, ವಿಳಾಸದ ದಾಖಲೆ (ಕೆವೈಸಿ) ಕೊಟ್ಟು ಮೆಷಿನ್ ಪಡೆದವನ ಖಾತೆಗೆ, ಅಂದರೆ ಕಳ್ಳ ತನ್ನ ವಿಳಾಸ ಬರೆದಿಟ್ಟೇ ಹೋದ ಹಾಗೆ. ಹತ್ತಿರದಿಂದ ಕದ್ದು ಓದಬಹುದಾದ್ದು ಕಾರ್ಡ್ ನಂಬರ್ ಮತ್ತು ಅವಧಿ ಮುಗಿಯುವ ತಿಂಗಳು. ಇಲ್ಲಿಯ ವೆಬ್‌ಸೈಟುಗಳಲ್ಲಿ ಒಟಿಪಿ ಇಲ್ಲದೆ ಅದರಿಂದ ಏನೂ ಮಾಡಲಾಗದು. ಹೊರದೇಶದ ಕೆಲವು ತಾಣಗಳು ಒಟಿಪಿ ಕೇಳುವುದಿಲ್ಲ, ಆದ್ದರಿಂದ ಕಾರ್ಡಿನ ‘ಇಂಟರ್‌ನ್ಯಾಷನಲ್’ ಬಳಕೆ ಬಂದ್ ಇರಲಿ. ಅಲೆ ತಡೆಯುತ್ತದೆ ಎಂದು ಮಾರುವ ಆರ್‌ಎಫ್‌ಐಡಿ ಪರ್ಸಿಗೆ ಸುರಿಯುವ ದುಡ್ಡು ದಂಡ.

ಅಪಾಯ ಇರುವುದು ಕಾರ್ಡ್ ಬಿದ್ದುಹೋದಾಗ. ಪಿನ್ ಇಲ್ಲದ ಟ್ಯಾಪ್ ಮಿತಿಯನ್ನು ರಿಸರ್ವ್ ಬ್ಯಾಂಕ್ 2021ರ ಜನವರಿ 1ರಿಂದ 2,000 ರೂಪಾಯಿಯಿಂದ 5,000ಕ್ಕೆ ಏರಿಸಿದೆ. ಇದು ಒಂದು ಸಲದ ಮಿತಿ ಎಂಬುದನ್ನು ಮರೆಯುತ್ತೇವೆ. ಸಂತೆಯಲ್ಲಿ ಬಿದ್ದ ಕಾರ್ಡ್ ಸಿಕ್ಕವನು ಒಂದು ಪೆಟ್ರೋಲ್ ಬಂಕ್, ಒಂದು ಬಾರ್, ಒಂದು ಮೊಬೈಲ್ ಅಂಗಡಿ ಸುತ್ತಿದರೆ ಸಾಕು. ಇದಕ್ಕೆ ಮದ್ದು ಬ್ಯಾಂಕಿನ ಆ್ಯಪ್‌ನಲ್ಲೇ ಇದೆ: ಕಾರ್ಡುಗಳ ಪುಟಕ್ಕೆ ಹೋಗಿ, ‘ಮ್ಯಾನೇಜ್ ಕಾರ್ಡ್’ ಅಥವಾ ಅಂಥದೇ ಹೆಸರಿನ ಜಾಗದಲ್ಲಿ ‘ಕಾಂಟ್ಯಾಕ್ಟ್‌ಲೆಸ್’ (ಅಂದರೆ ಟ್ಯಾಪ್) ಆರಿಸಿ, ಮಿತಿಯನ್ನು 1,000ಕ್ಕೋ 500ಕ್ಕೋ ಇಳಿಸಿ ದೃಢೀಕರಿಸಿ. ಹೊಸ ಕಾರ್ಡುಗಳಲ್ಲಿ ಟ್ಯಾಪ್ ಬಂದ್ ಆಗಿಯೇ ಬರಬೇಕೆಂಬುದು 2020ರ ನಿಯಮ. ಕಾರ್ಡ್ ಹಾಳಾಗಿದೆ ಎಂದು ಬ್ಯಾಂಕಿಗೆ ಹೋಗುವ ಮೊದಲು ಈ ಸ್ವಿಚ್ ನೋಡಿಕೊಳ್ಳಿ. ಸ್ವಿಚ್ ಸರಿಯಿದ್ದು, ಪಿನ್ ಹಾಕಿದರೆ ನಡೆಯುವ ಕಾರ್ಡ್ ಟ್ಯಾಪಿಗೆ ಮಾತ್ರ ಸ್ಪಂದಿಸದಿದ್ದರೆ, ಹಿಂದಿನ ಜೇಬಿನಲ್ಲಿಟ್ಟು ಕೂತು ಕೂತು ಬಿರುಕು ಬಿಟ್ಟು ಒಳಗಿನ ಸುರುಳಿ ತುಂಡಾಗಿರಬಹುದು. ಆಗ ಹೊಸ ಕಾರ್ಡೇ ಗತಿ.

ಕಳೆದದ್ದು ಗೊತ್ತಾದ ಕೂಡಲೇ ಬ್ಲಾಕ್ ಮಾಡಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ ಹೋದ ಹಣ ಬ್ಯಾಂಕಿನ ಹೊಣೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂಬಂಥ ವಂಚನೆಯನ್ನು, ಬ್ಯಾಂಕಿನ ಸಂದೇಶ ಕೈಸೇರಿದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಮೇಲೆ ಒಂದು ಪೈಸೆಯ ಹೊರೆಯೂ ಇಲ್ಲ ಎನ್ನುತ್ತದೆ 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆ. 4ರಿಂದ 7 ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರಿಗೆ 10,000 ರೂಪಾಯಿವರೆಗೆ ನಷ್ಟ ಬೀಳಬಹುದು. ತೋಟದೊಳಗೆ ಸಿಗ್ನಲ್ ಸಿಗದವರು ಪೇಟೆಗೆ ಬಂದಾಗಲಾದರೂ ಮೆಸೇಜು ತೆರೆದು ನೋಡಬೇಕಾದ್ದು ಇದಕ್ಕೇ.

ಇನ್ನು ಟವರಿನ ವಿಷಯ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಟವರಿನ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ, ಆಮೇಲೆ ಜನರೇಟರಿಗೆ ಡೀಸೆಲ್ ಹಾಕುವವರು ಬಂದರೆ ಉಂಟು. ಭಾಗಮಂಡಲ, ಶಾಂತಳ್ಳಿ, ಬಿರುನಾಣಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಗಡಿಯ ಸ್ವೈಪ್ ಮೆಷಿನ್ನಿನಲ್ಲೂ ಹಣ ಬಂತೆಂದು ಕೂಗುವ ಸೌಂಡ್ ಬಾಕ್ಸಿನಲ್ಲೂ ಸಾಮಾನ್ಯವಾಗಿ ಇರುವುದು ಒಂದು ಸಿಮ್. ಕಾರ್ಡ್ ಮತ್ತು ಮೆಷಿನ್ ನಡುವಿನ ಕೆಲಸ ಅರೆಗಳಿಗೆಯಲ್ಲಿ ಮುಗಿಯುತ್ತದೆ. ಸಿಕ್ಕಿಕೊಳ್ಳುವುದು ಅಲ್ಲಿಂದ ಬ್ಯಾಂಕಿಗೆ ಹೋಗಿ ಬರುವ ದಾರಿ. ಬೀಪ್ ಸದ್ದು ಬಂದರೆ ಮೆಷಿನ್ ಕಾರ್ಡನ್ನು ಓದಿದೆ ಎಂದಷ್ಟೇ ಅರ್ಥ. ಪರದೆಯಲ್ಲಿ ‘ಅಪ್ರೂವ್ಡ್’ ಬರುವವರೆಗೆ ಸಾಮಾನು ಕೌಂಟರಿನಲ್ಲೇ ಇರಲಿ.

‘ಡಿಕ್ಲೈನ್ಡ್’ ಎಂದು ಬಂದರೆ ಬ್ಯಾಂಕ್ ಒಪ್ಪಿಲ್ಲ ಎಂದರ್ಥ, ಇನ್ನೊಂದು ಕಾರ್ಡ್ ತೋರಿಸಬಹುದು. ‘ಟೈಮ್ ಔಟ್’ ಎಂದು ಬಂದರೆ ಮಾತ್ರ ಕೈ ತಡೆಯಬೇಕು. ಗ್ರಾಹಕರ ಖಾತೆಯಿಂದ ಹಣ ಕಡಿತವಾಗಿ, ಉತ್ತರ ಮಾತ್ರ ದಾರಿಯಲ್ಲಿ ಬಿದ್ದುಹೋಗಿರಬಹುದು. ಸಾಲು ಉದ್ದವಿದೆಯೆಂದು ಅವಸರದಲ್ಲಿ ಇನ್ನೊಮ್ಮೆ ಟ್ಯಾಪ್ ಮಾಡಿಸಿದರೆ ಎರಡು ಸಲ ಕಡಿತವಾಗಬಹುದು, ಜಗಳ ಶುರುವಾಗುವುದು ಇಲ್ಲೇ. ಮೆಷಿನ್ನಿನಲ್ಲಿ ಕೊನೆಯ ವ್ಯವಹಾರದ ಸ್ಥಿತಿ ನೋಡಿ, ಗ್ರಾಹಕರ ಮೆಸೇಜು ನೋಡಿ, ಆಮೇಲೆ ತೀರ್ಮಾನಿಸಿ. ಕಡಿತವಾಗಿ ಅಂಗಡಿಗೆ ಖಚಿತವಾಗದ ಹಣ 5 ದಿನದೊಳಗೆ ತಾನಾಗಿ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅಂಗಡಿಗೆ ಯುಪಿಐ ಮಾಡಿದಾಗಲೂ ಇದೇ ಲೆಕ್ಕ. ದೂರು ಬರುವುದನ್ನು ಕಾಯದೆ ಬ್ಯಾಂಕೇ ಕೊಡಬೇಕು ಎಂದು 2019ರ ಸುತ್ತೋಲೆ ಹೇಳುತ್ತದೆ. ಬಾರದಿದ್ದರೆ ಕೇಳಲು 12 ಅಂಕಿಯ ರೆಫರೆನ್ಸ್ ನಂಬರ್ ಬೇಕಾಗುತ್ತದೆ, ಚೀಟಿ ಬಿಸಾಡಬೇಡಿ.

ಇಷ್ಟೆಲ್ಲ ಹೇಳಿಯೂ, ನೆಟ್‌ವರ್ಕ್ ಇರುವಲ್ಲಿ ಮಳೆಗಾಲಕ್ಕೆ ಕ್ಯೂಆರ್‌ಗಿಂತ ಟ್ಯಾಪ್ ಮೇಲು. ಒದ್ದೆ ಬೆರಳಿನಲ್ಲಿ ಫೋನಿನ ಪಿನ್ ಒತ್ತುವ ಪಾಡು ತಪ್ಪುತ್ತದೆ. ಲ್ಯಾಮಿನೇಷನ್ ಒಳಗೆ ನೀರು ಇಳಿದು, ಅಂಚು ಉಬ್ಬಿ, ಕಪ್ಪು ಚೌಕಗಳು ಬೂದು ಬಣ್ಣಕ್ಕೆ ತಿರುಗಿದ ಕ್ಯೂಆರ್ ಹಾಳೆಯ ಮುಂದೆ ಫೋನನ್ನು ಹಿಂದೆ ಮುಂದೆ ಆಡಿಸುವ ಕೆಲಸವೂ ಇಲ್ಲ. ಅಂಗಡಿಯ ಕ್ಯೂಆರ್ ಮೇಲೆ ಬೇರೆಯವರು ತಮ್ಮದನ್ನು ಅಂಟಿಸಿ ಹೋಗುವ ಮೋಸ ಟ್ಯಾಪಿನಲ್ಲಿ ಸಾಧ್ಯವಿಲ್ಲ. ಸ್ಕ್ಯಾನ್ ಮಾಡುವವರು ಪಿನ್ ಹಾಕುವ ಮುನ್ನ ಹೆಸರು ಓದಲಿ. ಅಂಗಡಿಯವರು, ಸೌಂಡ್ ಬಾಕ್ಸ್ ಬಾಯಿ ಬಿಡದಿದ್ದಾಗ ಗ್ರಾಹಕರ ಫೋನಿನ ಹಸಿರು ಟಿಕ್ ನಂಬದೆ ತಮ್ಮ ಆ್ಯಪ್‌ನ ಪಟ್ಟಿ ನೋಡಲಿ. ಹಾಗೆ ತೋರಿಸಲೆಂದೇ ಮಾಡಿದ ನಕಲಿ ಆ್ಯಪ್‌ಗಳಿವೆ.

ಖರ್ಚಿನ ಮಾತು. ಬ್ಯಾಂಕ್ ಖಾತೆಯಿಂದ ಬರುವ ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ 2020ರ ಜನವರಿಯಿಂದ ಅಂಗಡಿಯವರಿಗೆ ಶುಲ್ಕವಿಲ್ಲ. ಬೇರೆ ಡೆಬಿಟ್ ಕಾರ್ಡುಗಳಿಗೆ, ವಾರ್ಷಿಕ ವಹಿವಾಟು 20 ಲಕ್ಷ ಮೀರದ ಅಂಗಡಿಗಳಲ್ಲಿ ಮೆಷಿನ್ ಮೂಲಕ ಗರಿಷ್ಠ ಶೇ 0.40, ಅಂದರೆ ಸಾವಿರಕ್ಕೆ 4 ರೂಪಾಯಿ. ಕ್ರೆಡಿಟ್ ಕಾರ್ಡಿಗೆ ಇಂಥ ಮಿತಿ ಇಲ್ಲ. ಶೇ 2 ಹಿಡಿದರೆ 10,000 ರೂಪಾಯಿಯ ಹೋಮ್‌ಸ್ಟೇ ಬಿಲ್ಲಿನಲ್ಲಿ 200 ಹೋಯಿತು. ಮೆಷಿನ್ ಹಾಕಿಸುವಾಗ ಬಾಡಿಗೆಯನ್ನಷ್ಟೇ ಕೇಳದೆ, ಕಾರ್ಡುವಾರು ಶುಲ್ಕದ ಪಟ್ಟಿ ಬರವಣಿಗೆಯಲ್ಲಿ ಪಡೆಯಿರಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸ್ ಬಂದ ಮೇಲೆ ರಾಜ್ಯದ ಹಲವು ಸಣ್ಣ ಅಂಗಡಿಗಳು ಕ್ಯೂಆರ್ ಕಿತ್ತಿಟ್ಟವು. ತೆರಿಗೆ ಬೀಳುವುದು ವಹಿವಾಟಿನ ಮೇಲೆ. ಹಣ ನೋಟಿನಲ್ಲಿ ಬಂದರೂ ಅದೇ ಕಾನೂನು.

ಇಂಟರ್‌ನೆಟ್ ಸತ್ತು ಫೋನ್ ಕರೆ ಮಾತ್ರ ಸಿಗುವಾಗ, ಬ್ಯಾಂಕಿಗೆ ಕೊಟ್ಟ ನಂಬರಿನಿಂದ *99# ಒತ್ತಿದರೆ ಯುಪಿಐ ನಡೆಯುತ್ತದೆ, ಕನ್ನಡದಲ್ಲೂ ಇದೆ. ಕೀಪ್ಯಾಡ್ ಫೋನಿಗೂ ಆದೀತು. ನಿಧಾನ, ಆದರೆ ಔಷಧಿ ಅಂಗಡಿಯಲ್ಲಿ ಕೈ ಹಿಡಿಯುತ್ತದೆ. ಕರೆಯೂ ಇಲ್ಲದ ದಿನ ನೋಟೇ ಬೇಕು. ಅಂಥ ಜಿಲ್ಲೆಯಲ್ಲಿ ‘ನಗದು ಸ್ವೀಕರಿಸುವುದಿಲ್ಲ’ ಎಂಬ ಬೋರ್ಡ್ ಯಾವ ಕೌಂಟರಿನಲ್ಲೂ ಸಲ್ಲದು, ಪ್ರವೇಶ ಟಿಕೆಟ್ ಕೊಡುವಲ್ಲಂತೂ ಸಲ್ಲವೇ ಸಲ್ಲದು. ವಾರದ ಬಟವಾಡೆ ಕೈಯಲ್ಲಿ ಪಡೆದು ಸಂತೆಗೆ ಬರುವ, ತೋಟದ ಲೈನ್‌ಮನೆಗಳ ಕಾರ್ಮಿಕರು ಯಾವುದನ್ನು ಟ್ಯಾಪ್ ಮಾಡಬೇಕು?

ಪ್ರತಿ ವರ್ಷ ಮೇ ತಿಂಗಳಲ್ಲಿ ಮಳೆಗಾಲದ ಸಿದ್ಧತೆಗೆ ಸಭೆ ಕರೆಯುವಾಗ ಜಿಲ್ಲಾಡಳಿತ ಮೊಬೈಲ್ ಕಂಪನಿಗಳನ್ನೂ ಕೂರಿಸಿಕೊಂಡು, ಯಾವ ಟವರಿಗೆ ಎಷ್ಟು ಗಂಟೆಯ ಬ್ಯಾಟರಿ ಇದೆ, ಡೀಸೆಲ್ ಹಾಕುವ ಹೊಣೆ ಯಾರದು ಎಂಬ ಪಟ್ಟಿಯನ್ನು ಹೋಬಳಿವಾರು ಪ್ರಕಟಿಸಲಿ. ಎಟಿಎಂಗಳಿಗೆ ಹಣ ತುಂಬುವ ವೇಳೆಯನ್ನೂ ಬ್ಯಾಂಕುಗಳು ಅದೇ ಸಭೆಯಲ್ಲಿ ಹೇಳಲಿ.

ಇಂತಿ,
ಓದುಗ, ಗೋಣಿಕೊಪ್ಪಲು