ಕೀಲುನೋವಿನವರಿಗೆ ವಾರದಲ್ಲಿ ಒಂದು ಮಧ್ಯಾಹ್ನ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಚಿಕ್ಕಮಗಳೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೆ,

ನಾನು ಮೂಡಿಗೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಎರಡು ವರ್ಷಗಳಿಂದ ರುಮಟಾಯ್ಡ್ ಸಂಧಿವಾತಕ್ಕೆ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆ ಪಡೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರನ್ನು ಬೇಕೆಂದೇ ಬರೆದಿಲ್ಲ; ಅಲ್ಲಿನ ವೈದ್ಯರ ಮೇಲಾಗಲಿ ದಾದಿಯರ ಮೇಲಾಗಲಿ ನನಗೆ ದೂರಿಲ್ಲ. ನನ್ನ ಅಹವಾಲು ಹೊರರೋಗಿಗಳನ್ನು ನೋಡುವ ಹೊತ್ತಿನ ಬಗ್ಗೆ.

ಈ ಕಾಯಿಲೆಯಲ್ಲಿ ಶರೀರದ ರೋಗನಿರೋಧಕ ಶಕ್ತಿಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಮಂಡಿ ಸವೆದವರಿಗೆ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲಾಗುತ್ತದೆ. ನಮ್ಮಂಥವರಿಗೆ ಒಂದು ಗಂಟೆ ದಾಟುತ್ತದೆ, ಕೆಲವರಿಗೆ ಹಲವು ಗಂಟೆ ಬೇಕು. ಬೆಳಿಗ್ಗೆ 5 ಗಂಟೆಗೆ ಎದ್ದಾಗ ನಲ್ಲಿ ತಿರುಗಿಸಲು ನಾನು ಎರಡೂ ಅಂಗೈಗಳನ್ನು ಒತ್ತಬೇಕಾಗುತ್ತದೆ, ರವಿಕೆಯ ಹುಕ್ಕನ್ನು ಸೊಸೆಯೇ ಹಾಕುತ್ತಾಳೆ. ಚೀಟಿ ಕೊಡುವ ಕಿಟಕಿ ಮಧ್ಯಾಹ್ನಕ್ಕೆ ಮುಚ್ಚುವುದರಿಂದ ಅದೇ ಸ್ಥಿತಿಯಲ್ಲಿ ಮೊದಲ ಬಸ್ಸು ಹಿಡಿಯಬೇಕು. 2023ರ ಜೂನ್ 11ರಿಂದ ಹೆಂಗಸರಾದ ನಮಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ, ಆ ಉಪಕಾರವನ್ನು ನಾನು ಮರೆತಿಲ್ಲ. ಆದರೆ ಆ ಹೊತ್ತಿನಲ್ಲಿ ಬಸ್ಸಿನ ಮೊದಲ ಮೆಟ್ಟಿಲನ್ನು ನಾನಾಗಿ ಹತ್ತಿದ ದಿನ ಒಂದೂ ಇಲ್ಲ. ಹಿಂದಿನಿಂದ ಯಾರಾದರೂ ತೋಳು ಹಿಡಿದು ಹತ್ತಿಸಿದ್ದಾರೆ, ಪ್ರತಿ ಸಲವೂ ಗುರುತಿಲ್ಲದವರು.

ಮೊದಲ ಸಲ ಹೋದಾಗ ಸಾಲು ಹೊರಬಾಗಿಲು ದಾಟಿ ಅಂಗಳಕ್ಕೆ ಬಂದಿತ್ತು. ನನ್ನ ಮುಂದಿದ್ದವರು ಕಡೂರಿನ ಕಡೆಯ ಒಬ್ಬ ಹಿರಿಯರು, ಸೊಂಟದ ನೋವಿಗೆ ಬಂದವರು. ನನ್ನ ಕಾಲು ನಡುಗುವುದನ್ನು ಕಂಡು, "ಅಮ್ಮಾ, ಚಪ್ಪಲಿ ಇಲ್ಲೇ ಬಿಟ್ಟು ಆ ಕಟ್ಟೆ ಮೇಲೆ ಕೂತ್ಕೊಳ್ಳಿ, ನಿಮ್ಮ ಜಾಗಕ್ಕೆ ನಾನಿದ್ದೀನಿ" ಎಂದರು. ಸಾಲು ಸರಿದಂತೆಲ್ಲ ತಮ್ಮ ಕೋಲಿನ ತುದಿಯಿಂದ ನನ್ನ ಚಪ್ಪಲಿಗಳನ್ನು ಒಂದೊಂದೇ ಹೆಜ್ಜೆ ಮುಂದಕ್ಕೆ ತಳ್ಳುತ್ತಾ ಹೋದರು. ಸುಮಾರು ಒಂದು ಗಂಟೆ ಹಾಗೆ ನಡೆಯಿತು. ಕಿಟಕಿಯ ಬಳಿ ಹೆಸರು, ಊರು ಬರೆದುಕೊಡಬೇಕೆಂದಾಗ ನನ್ನ ಬೆರಳುಗಳು ಪೆನ್ನನ್ನು ಹಿಡಿಯಲಿಲ್ಲ. ಮೂವತ್ತು ವರ್ಷ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವಳಿಗೆ ಆಗ ಏನನ್ನಿಸಿತೆಂದು ಬರೆಯುವುದು ಕಷ್ಟ. ತನ್ನ ತಾಯಿಯನ್ನು ಕರೆತಂದಿದ್ದ ಕಾಲೇಜು ಹುಡುಗಿಯೊಬ್ಬಳು ಏನೂ ಕೇಳದೆ ಪೆನ್ನು ತೆಗೆದುಕೊಂಡು ಬರೆದುಕೊಟ್ಟಳು. ತೋಟದ ಕೆಲಸಕ್ಕೆಂದು ಅಸ್ಸಾಮಿನಿಂದ ಬಂದ ಹುಡುಗನೊಬ್ಬ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ. ಭಾಷೆ ಬಾರದಿದ್ದರೂ ನನ್ನ ನೀರಿನ ಬಾಟಲಿಯ ಮುಚ್ಚಳವನ್ನು ಹಲ್ಲಿನಿಂದ ತಿರುಗಿಸಿ ಕೊಟ್ಟ.

ಎಲ್ಲಕ್ಕಿಂತ ದೊಡ್ಡ ಉಪಕಾರ ಔಷಧ ಕೊಡುವ ಕಿಟಕಿಯ ಮುಂದೆ ಆಯಿತು. ನನಗೆ ಬರೆದಿದ್ದ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನವೂ ನುಂಗಿದರೆ ಮೂಳೆಮಜ್ಜೆಗೆ ಪೆಟ್ಟು ಬಿದ್ದು ಪ್ರಾಣಕ್ಕೇ ಅಪಾಯ. ಚೀಟಿಯಲ್ಲಿ ಅದು ಇಂಗ್ಲಿಷಿನಲ್ಲಿ ಅವಸರದ ಗೀಚಿನಲ್ಲಿತ್ತು, ನಾನು ದಿನಕ್ಕೊಂದು ಎಂದೇ ತಿಳಿದಿದ್ದೆ. ಅದೇ ಕಾಯಿಲೆಗೆ ಎಂಟು ವರ್ಷದಿಂದ ಬರುತ್ತಿದ್ದ ಹೆಂಗಸೊಬ್ಬರು ನನ್ನ ಕೈಯಲ್ಲಿದ್ದ ಮಾತ್ರೆಯ ಪಟ್ಟಿಯನ್ನು ನೋಡಿ, "ಇದು ದಿನಾ ಅಲ್ಲ ಕಣ್ರೀ, ವಾರಕ್ಕೊಂದೇ ಸಲ" ಎಂದು ನನ್ನನ್ನು ಮತ್ತೆ ವೈದ್ಯರ ಬಳಿ ಕರೆದೊಯ್ದು ಕೇಳಿಸಿದರು. ಈಗ ನಮ್ಮ ಮನೆಯ ಕ್ಯಾಲೆಂಡರಿನ ಪ್ರತಿ ಭಾನುವಾರಕ್ಕೂ ಕೆಂಪು ಗುರುತಿದೆ. ಆ ದಿನ ಅವರು ನನ್ನ ಹಿಂದೆ ನಿಂತಿರದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಇವರೆಲ್ಲ ನೋವಿನವರೇ, ಇಲ್ಲವೇ ನೋವಿನವರನ್ನು ಕರೆತಂದವರೇ. ಇವರು ಹೊತ್ತ ಹೊರೆ ಆಡಳಿತ ಹೊರಬೇಕಾದದ್ದು ಎಂಬ ಕಾರಣಕ್ಕೆ ತಮಗೆ ಬರೆಯುತ್ತಿದ್ದೇನೆ. ಮಲೆನಾಡಿಗೆ ಕೀಲುರೋಗ ಹೊಸದಲ್ಲ: 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಕಂಡು ಆ ಊರಿನ ಹೆಸರನ್ನೇ ಪಡೆದ ಕಾಯಿಲೆ ನಮ್ಮ ಜಿಲ್ಲೆಯ ಕೆಲವು ಹಳ್ಳಿಗಳಲ್ಲೂ ಕಾಣಿಸಿಕೊಂಡಿತ್ತು. ಇಳಿಜಾರಿನ ತೋಟಗಳಲ್ಲಿ ಕಾಫಿ ಹಣ್ಣು ಕೊಯ್ದು, ಮೂಟೆ ಹೊತ್ತು ಮಂಡಿ ಸವೆಸಿಕೊಂಡವರು ಊರೂರಿನಲ್ಲಿದ್ದಾರೆ.

ನಾನು ಕೇಳುವುದು ಹೊಸ ಕಟ್ಟಡವನ್ನಲ್ಲ. ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರದ ಒಂದು ಮಧ್ಯಾಹ್ನವನ್ನು, 2 ಗಂಟೆಯ ನಂತರದ ಹೊತ್ತನ್ನು, ಕೀಲುನೋವಿನ ರೋಗಿಗಳಿಗೆಂದೇ ಮೀಸಲಿಡಿಸಿ. ಮುಂಚೆಯೇ ಫೋನಿನಲ್ಲಿ ನಂಬರ್ ಪಡೆಯುವ ಅನುಕೂಲ ಮಾಡಿಸಿ. ಕಾಯುವಲ್ಲಿ ಒರಗುವ ಬೆಂಚುಗಳನ್ನು ಹಾಕಿಸಿ. ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆಯ ಪಟ್ಟಿಯ ಮೇಲೆ ಅದನ್ನು ತೆಗೆದುಕೊಳ್ಳಬೇಕಾದ ದಿನದ ಹೆಸರನ್ನು ಕನ್ನಡದಲ್ಲಿ ಬರೆದೇ ಕೊಡಬೇಕೆಂದು ಔಷಧ ವಿತರಕರಿಗೆ ಸೂಚಿಸಿ.

ಈ ಪತ್ರವನ್ನು ಮಧ್ಯಾಹ್ನ 3 ಗಂಟೆಗೆ ನನ್ನ ಕೈಯಿಂದಲೇ ಬರೆಯುತ್ತಿದ್ದೇನೆ. ಮುಂದಿನ ತಿಂಗಳ ರಕ್ತಪರೀಕ್ಷೆಗೆ ಮತ್ತೆ ಮೊದಲ ಬಸ್ಸಿಗೇ ಹೋಗಬೇಕಿದೆ. ಅಷ್ಟರೊಳಗೆ ತಮ್ಮಿಂದ ಒಂದು ಉತ್ತರವನ್ನು ನಿರೀಕ್ಷಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಮೂಡಿಗೆರೆ ತಾಲ್ಲೂಕು